ಅತ್ತೆಯ ಬ್ರೋಚಿನ 84 ಹರಳು



ನಮ್ಮ ಸೋದರತ್ತೆ ಕೋಲಾರದ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಊರಿಗೆಲ್ಲ ಅವರು ಸಿಸ್ಟರಮ್ಮ. ಚಿನ್ನ ಅಗೆಯುವ ಊರಿನಲ್ಲೇ ಇದ್ದರೂ ಅವರ ಕತ್ತಿನಲ್ಲಿದ್ದದ್ದು ಒಂದೆಳೆ ಸರ, ಕೈಯಲ್ಲಿದ್ದದ್ದು ಒಂದು ವಾಚು, ಅಷ್ಟೇ. ಮದುವೆ, ನಾಮಕರಣ ಅಂತ ಹೊರಟಾಗ ಮಾತ್ರ ಟ್ರಂಕಿನ ತಳದಿಂದ ಒಂದು ಪುಟ್ಟ ಡಬ್ಬಿ ಹೊರಗೆ ಬರುತ್ತಿತ್ತು. ಅದರಲ್ಲಿ ಹತ್ತಿಯ ಮೇಲೆ ಒಂದು ಬ್ರೋಚು. ಬಾಗಿದ ಒಂದು ಬೆಳ್ಳಿಯ ಕಡ್ಡಿ, ಕಡ್ಡಿಗೆ ಐದು ಎಲೆ, ಎಲೆಯ ಮೈತುಂಬ ಸಾಸಿವೆ ಕಾಳಿನಷ್ಟು ಸಣ್ಣ ಬೂದು ಹರಳುಗಳು. ಹಗಲು ನೋಡಿದರೆ ಸೀಸದ ಬಣ್ಣ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಅದನ್ನು ಹೆಗಲ ಮೇಲಿನ ಸೆರಗಿಗೆ ಚುಚ್ಚಿಕೊಂಡು ಓಡಾಡಿದರೆ ನಾವು ಮಕ್ಕಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. ಅವರು ಒಂದು ಹೆಜ್ಜೆ ಇಟ್ಟರೆ ಎಲೆಗಳ ಮೇಲೆ ನೂರು ಕಡೆ ಬೆಳಕು ಮಿಣುಕುತ್ತಿತ್ತು.

ಗಣಿಯಲ್ಲಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರ ಹೆಂಡತಿ, ಸ್ವಾತಂತ್ರ್ಯ ಬಂದ ಮೇಲೆ ತಮ್ಮ ದೇಶಕ್ಕೆ ಹೊರಡುವಾಗ ಕೊಟ್ಟ ಒಡವೆ ಅದು. ಆಕೆಯ ಎರಡು ಹೆರಿಗೆಯಲ್ಲೂ ಅತ್ತೆ ಪಕ್ಕದಲ್ಲಿದ್ದರಂತೆ. "ಇದು ವಜ್ರಾನಾ ಅತ್ತೆ?" ಅಂತ ಒಂದು ಸಲ ಕೇಳಿದ್ದೆ. "ವಜ್ರ ಅಲ್ಲ ಕಣೇ. ಮಾರ್ಕಸೈಟ್ ಅಂತಾರೆ. ಗಣಿಯಿಂದ ಮೇಲೆ ಬರೋ ಕಲ್ಲಿನಲ್ಲಿ ಮಿಂಚುತ್ತಲ್ಲ, ಅದರ ಜಾತಿ" ಅಂದಿದ್ದರು.

ಅತ್ತೆ ಹೋದ ಮೇಲೆ ಆ ಡಬ್ಬಿ ನನ್ನ ಪಾಲಿಗೆ ಬಂತು. ಮನೆಯ ಹಳೇ ಬೆಳ್ಳಿ ಸಾಮಾನನ್ನೆಲ್ಲ ಬೆಲೆ ಕಟ್ಟಿಸೋಣ ಅಂತ ಒಂದು ದಿನ ಅಂಗಡಿಗೆ ಹೋದಾಗ ಬ್ರೋಚನ್ನೂ ಮುಂದಿಟ್ಟೆ. ತಕ್ಕಡಿಯ ಮೇಲೆ ಹಾಕಿ ಅಂಗಡಿಯವರು ಹೇಳಿದ್ದು ಇಷ್ಟು: "ಕಲ್ಲು ಕಿತ್ತುಹಾಕಿ ತೂಕಕ್ಕೆ ತಗೋತೀವಮ್ಮ. ಹನ್ನೊಂದು ಗ್ರಾಮ್ ಬಂದರೆ ಹೆಚ್ಚು. ಕಲ್ಲಿಗೆ ಬೆಲೆ ಇಲ್ಲ."

ಬ್ರೋಚನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು ಬಂದೆ. ಇವತ್ತು ನಾನು ಆಡಲಿರುವ ಮಾತೆಲ್ಲ "ಕಲ್ಲಿಗೆ ಬೆಲೆ ಇಲ್ಲ" ಅನ್ನುವ ಆ ಒಂದು ಮಾತಿಗೆ ಉತ್ತರ.

ಮೊದಲು ಕಲ್ಲಿನ ಹೆಸರು. ಒಡವೆಯವರು ಮಾರ್ಕಸೈಟ್ ಅನ್ನುವ ಹರಳು ನಿಜವಾಗಿ ಮಾರ್ಕಸೈಟ್ ಅಲ್ಲ, ಪೈರೈಟ್. ಶಾಲೆಯ ಪುಸ್ತಕದಲ್ಲಿ 'ಮೂರ್ಖರ ಚಿನ್ನ' ಅಂತ ಓದಿದ್ದೀರಲ್ಲ, ಅದೇ ಖನಿಜ. ಒಂದು ಪಾಲು ಕಬ್ಬಿಣ, ಎರಡು ಪಾಲು ಗಂಧಕದ ಪರಮಾಣುಗಳು ಸೇರಿದ ಕಲ್ಲು. ಇದೇ ಕಬ್ಬಿಣ, ಇದೇ ಗಂಧಕ, ಇದೇ ಲೆಕ್ಕದಲ್ಲಿ ಬೇರೆ ಬಗೆಯಾಗಿ ಜೋಡಿಸಿಕೊಂಡರೆ ಇನ್ನೊಂದು ಖನಿಜವಾಗುತ್ತದೆ. ಇದ್ದಿಲಿನಂಥ ಗ್ರಾಫೈಟೂ ವಜ್ರವೂ ಎರಡೂ ಇಂಗಾಲವೇ ಆಗಿದ್ದು ಬೇರೆ ಬೇರೆಯಾಗಿರುವ ಹಾಗೆ. ಆ ಇನ್ನೊಂದಕ್ಕೆ ಮಾರ್ಕಸೈಟ್ ಅನ್ನುವ ಹೆಸರನ್ನು ಮೀಸಲಿಟ್ಟವರು ಆಸ್ಟ್ರಿಯಾದ ಖನಿಜಶಾಸ್ತ್ರಜ್ಞ ವಿಲ್‌ಹೆಲ್ಮ್ ಹೈಡಿಂಗರ್, 1845ರಲ್ಲಿ. ಅದಕ್ಕೂ ಮುಂಚೆ, ಅರಬ್ಬಿಯಿಂದ ಯೂರೋಪಿಗೆ ಹೋದ ಈ ಹೆಸರು ಎರಡಕ್ಕೂ ಒಟ್ಟಿಗೇ ಸಲ್ಲುತ್ತಿತ್ತು. ವಿಜ್ಞಾನ ಹೆಸರು ತಿದ್ದಿಕೊಂಡಿತು, ಅಕ್ಕಸಾಲಿಗರು ತಮ್ಮ ಹಳೇ ರೂಢಿಯನ್ನು ಬಿಡಲಿಲ್ಲ. ಅವರು ಬಿಡಬೇಕಾಗಿಯೂ ಇರಲಿಲ್ಲ ಅಂತ ನನಗನಿಸುತ್ತದೆ. ಹೆಸರು ಮೊದಲು ಅವರ ಬಾಯಲ್ಲಿತ್ತು.

ಅಸಲಿ ಮಾರ್ಕಸೈಟ್ ಒಡವೆಗೆ ಬರುವುದಿಲ್ಲ. ಸುಲಭವಾಗಿ ಒಡೆಯುತ್ತದೆ. ತೇವದ ಗಾಳಿಗೆ ಬೇಗ ಪುಡಿಪುಡಿಯಾಗುತ್ತದೆ. ಪೈರೈಟ್ ಗಟ್ಟಿ ಕಲ್ಲು. ಉಕ್ಕಿನಿಂದ ಹೊಡೆದರೆ ಕಿಡಿ ಹಾರುತ್ತದೆ. ಅದರ ಹೆಸರು ಹುಟ್ಟಿದ್ದೇ ಬೆಂಕಿ ಅನ್ನುವ ಗ್ರೀಕ್ ಮಾತಿನಿಂದ. ಕೊಲಂಬಸ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು ಮೆಕ್ಸಿಕೋದ ಕಡೆಯ ಜನ ಇದರ ಬಿಲ್ಲೆಗಳನ್ನು ನುಣ್ಣಗೆ ಉಜ್ಜಿ, ಪಕ್ಕಪಕ್ಕಕ್ಕೆ ಜೋಡಿಸಿ ಕನ್ನಡಿ ಮಾಡಿಕೊಂಡಿದ್ದರು. ಅತ್ತೆ ಹೇಳಿದ್ದೂ ಸುಳ್ಳಲ್ಲ. ಚಿನ್ನದ ಅದಿರಿನ ಜೊತೆಗೆ ಪೈರೈಟೂ ಅದರ ಬಳಗದ ಗಂಧಕದ ಖನಿಜಗಳೂ ಇರುವುದು ಗಣಿ ಊರಿನವರಿಗೆಲ್ಲ ಗೊತ್ತಿದ್ದ ಸಂಗತಿ. ಹೊಸಬರು ಅದನ್ನು ಕಂಡು ಹಿಗ್ಗುತ್ತಿದ್ದರು, ಹಳಬರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಇನ್ನು ಅದನ್ನು ಹರಳು ಮಾಡುವ ಬಗೆ. ವಜ್ರದೊಳಕ್ಕೆ ಬೆಳಕು ಹೋಗಿ, ತಿರುಗಿ, ಒಡೆದು, ಬಣ್ಣವಾಗಿ ಹೊರಗೆ ಬರುತ್ತದೆ. ಪೈರೈಟಿನೊಳಕ್ಕೆ ಬೆಳಕು ಇಳಿಯುವುದೇ ಇಲ್ಲ. ಅದು ಲೋಹದ ಹಾಗೆ, ಮೈಮೇಲೆ ಬಿದ್ದ ಬೆಳಕನ್ನು ಅಲ್ಲಿಂದಲೇ ತಿರುಗಿಸಿ ಕಳಿಸುತ್ತದೆ. ಹಾಗಾಗಿ ಇದಕ್ಕೆ ವಜ್ರದ ಹಾಗೆ ಕೆಳಗೆ ಚೂಪು ತೆಗೆದು ಪ್ರಯೋಜನವಿಲ್ಲ. ಕೆಳಗೆ ಚಪ್ಪಟೆ, ಮೇಲೆ ಗೋಪುರದ ಹಾಗೆ ಆರು ಮುಖ, ಆರೂ ಸೇರುವ ಕಡೆ ಒಂದು ಮೊನೆ. ಒಂದೂವರೆ, ಎರಡು ಮಿಲಿಮೀಟರ್ ಅಗಲದ ಕಲ್ಲಿಗೆ ಸಾಣೆ ಹಿಡಿದು ಆರು ಮುಖ ತೆಗೆಯಬೇಕು. ಒಂದು ಮಧ್ಯಾಹ್ನ ಭೂತಗನ್ನಡಿ ಹಿಡಿದು ಕೂತು ಅತ್ತೆಯ ಬ್ರೋಚಿನ ಹರಳುಗಳನ್ನು ಎಣಿಸಿದೆ. 84. ಅಂದರೆ 504 ಮುಖಗಳು. ಎರಡು ಬೆರಳಗಲದ ಒಡವೆಯಲ್ಲಿ 504 ಪುಟ್ಟ ಕನ್ನಡಿಗಳು, ಒಂದೊಂದೂ ಒಂದೊಂದು ದಿಕ್ಕಿಗೆ ವಾಲಿಕೊಂಡು. ಮಿಣುಕು ಹುಟ್ಟುವುದು ಹಾಗೆ. ಹಗಲಿನಲ್ಲಿ ಎಲ್ಲ ಕಡೆಯಿಂದಲೂ ಬೆಳಕು ಬಿದ್ದು ಅದು ಮಂಕಾಗುತ್ತದೆ. ಒಂದೇ ದೀಪ, ಅದೂ ಅಲುಗಾಡುವ ದೀಪವಾದರೆ ಅದಕ್ಕೆ ಜೀವ ಬರುತ್ತದೆ.

ಹರಳನ್ನು ಕೂರಿಸುವುದು ಇನ್ನೂ ಕಷ್ಟದ ಕೆಲಸ. ಬೆಳ್ಳಿಯ ತಗಡಿನಲ್ಲಿ ಹರಳಿನ ಅಳತೆಗೆ ಒಂದು ಗುಳಿ ತೋಡುತ್ತಾರೆ. ಹರಳು ಅದರಲ್ಲಿ ಕೂತ ಮೇಲೆ ಪಕ್ಕದ ಬೆಳ್ಳಿಯನ್ನೇ ಚೂಪಾದ ಉಳಿಯಿಂದ ಕೆತ್ತಿ, ಕಿತ್ತು ಬಾರದ ಹಾಗೆ ಒಂದು ಸಿಪ್ಪೆ ಎಬ್ಬಿಸಿ, ಹರಳಿನ ಅಂಚಿನ ಮೇಲಕ್ಕೆ ತಳ್ಳುತ್ತಾರೆ. ಆಮೇಲೆ ತುದಿಯಲ್ಲಿ ಬಟ್ಟಲಿನ ಹಾಗೆ ತಗ್ಗಿರುವ ಒಂದು ಕಡ್ಡಿಯಿಂದ ಆ ಸಿಪ್ಪೆಯನ್ನು ಒತ್ತಿ ತಿರುಗಿಸಿದರೆ ಅದು ಗುಂಡಗೆ ಒಂದು ಕಾಳಾಗುತ್ತದೆ. ರಾಗಿಗಿಂತ ಸಣ್ಣ ಕಾಳು. ಒಂದು ಹರಳಿಗೆ ಎರಡೋ ಮೂರೋ ನಾಲ್ಕೋ ಕಾಳು. ಪಕ್ಕಪಕ್ಕದ ಹರಳುಗಳು ಒಂದೇ ಕಾಳನ್ನು ಹಂಚಿಕೊಳ್ಳುವುದೂ ಉಂಟು. ಬೆಸುಗೆ ಇಲ್ಲ, ಅಂಟಿಲ್ಲ. ಒಡವೆಯ ಮೈಯೇ ಹರಳನ್ನು ಹಿಡಿದುಕೊಂಡಿರುತ್ತದೆ. ಕಲ್ಲಿಗೆ ಬೆಲೆ ಇಲ್ಲ ಅಂದವರ ತಕ್ಕಡಿಗೆ ಈ ಕಾಳುಗಳ ತೂಕ ಗೊತ್ತಾಗುವುದು ಹೇಗೆ?

ಈ ಹರಳಿಗೆ ಯೂರೋಪಿನಲ್ಲಿ ಭಾಗ್ಯ ಕುದುರಿದ್ದು 18ನೇ ಶತಮಾನದಲ್ಲಿ. ವಜ್ರ ಆಗ ಹೆಚ್ಚಾಗಿ ನಮ್ಮ ಗೋಲ್ಕೊಂಡದ ಸೀಮೆಯಿಂದಲೇ ಹೋಗಬೇಕಿತ್ತು. 1720ರ ದಶಕದಲ್ಲಿ ಬ್ರೆಜಿಲಿನಲ್ಲಿ ಸಿಕ್ಕ ಮೇಲೂ ಅದು ಸಿರಿವಂತರ ಸೊತ್ತಾಗಿಯೇ ಉಳಿಯಿತು. ರಾತ್ರಿಯ ಕೂಟಗಳೆಲ್ಲ ಮೇಣದ ಬತ್ತಿಯ ಬೆಳಕಿನಲ್ಲಿ. ಆ ಬೆಳಕಿಗೆ ಹೇಳಿ ಮಾಡಿಸಿದ ಕಲ್ಲು ಇದು. ಜಿನೀವಾ ಮತ್ತು ಅದರ ಬೆನ್ನಿಗಿರುವ ಯೂರಾ ಬೆಟ್ಟಗಳ ಕಡೆ ಇದನ್ನು ಸಾಣೆ ಹಿಡಿಯುವ ಕಸುಬು ಬೆಳೆಯಿತು. ಗಂಡಸರ ಬೂಟಿನ ಬಕಲ್, ಕೋಟಿನ ಗುಂಡಿ, ಹೆಂಗಸರ ಉಂಗುರ, ಎಲ್ಲಕ್ಕೂ ಬಂತು. ಮುಂದೆ 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ ಕಪ್ಪು ಉಟ್ಟಾಗ ಇಂಗ್ಲೆಂಡಿನ ಒಡವೆಗಳೂ ಕಪ್ಪಿನ ಕಡೆಗೆ ವಾಲಿದವು. ಜೆಟ್ ಅನ್ನುವ ಕಪ್ಪು ಕಲ್ಲಿನ ಪಕ್ಕದಲ್ಲಿ ಈ ಬೂದು ಮಿಣುಕಿಗೂ ಜಾಗ ಸಿಕ್ಕಿತು.

ಆದರೆ ಇವತ್ತು ಹಳೇ ಮಾರ್ಕಸೈಟ್ ಅಂತ ನಮ್ಮ ಕೈಗೆ ಸಿಗುವ ಒಡವೆಗಳಲ್ಲಿ ಮೇಲಾದವುಗಳ ಕಾಲ 1920, 1930ರ ದಶಕ. ಅವುಗಳ ಮಾತು ಎತ್ತಿದರೆ ಜರ್ಮನಿಯ ಫೋರ್ಟ್ಸ್‌ಹೈಮ್ ಅನ್ನುವ ಊರಿನ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮೂರು ಹೊಳೆಗಳು ಕೂಡುವ ಊರು ಅದು. 1767ರಲ್ಲಿ ಬಾಡೆನ್ ಸೀಮೆಯ ದೊರೆ ಕಾರ್ಲ್ ಫ್ರೀಡ್ರಿಶ್, ಅಲ್ಲಿನ ಅನಾಥಾಲಯದಲ್ಲಿ ಗಡಿಯಾರ ಮತ್ತು ಒಡವೆಯ ಕಾರ್ಖಾನೆ ತೆರೆಯಲು ಅಪ್ಪಣೆ ಕೊಟ್ಟ. ಅನಾಥ ಮಕ್ಕಳು ಕೈಕೆಲಸ ಕಲಿತರು, ಊರಿಗೆ ಊರೇ ಅಕ್ಕಸಾಲೆಯಾಯಿತು. ಈಗಲೂ ಅದಕ್ಕೆ ಚಿನ್ನದ ಪಟ್ಟಣ ಅಂತಲೇ ಹೆಸರು.

ಅಲ್ಲಿ ಥಿಯೊಡೋರ್ ಫಾರ್ನರ್ ಅನ್ನುವ ತಯಾರಕನಿದ್ದ. ಒಳ್ಳೆಯ ಒಡವೆ ಅಂದರೆ ದುಬಾರಿ ಲೋಹ, ದುಬಾರಿ ಕಲ್ಲು ಅಂತಲೇ ಲೋಕ ನಂಬಿದ್ದ ಕಾಲದಲ್ಲಿ ಆತ ಡಾರ್ಮ್‌ಸ್ಟಾಟ್ ಊರಿನ ಕಲಾವಿದರಿಂದ ನಕ್ಷೆ ಬರೆಸಿ, ಬೆಳ್ಳಿಯಲ್ಲಿ, ಸಾಧಾರಣ ಕಲ್ಲುಗಳಲ್ಲಿ ಒಡವೆ ಮಾಡಿಸಿ, ಮಧ್ಯಮ ವರ್ಗದ ಹೆಂಗಸರ ಕೈಗೆಟುಕುವ ಬೆಲೆಗೆ ಮಾರಿದ. 1919ರಲ್ಲಿ ಆತ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ಕೊಂಡ ಗುಸ್ಟಾವ್ ಬ್ರೆಂಡ್ಲೆ ಹಳೆಯ ಹೆಸರನ್ನೂ ಒಂದರೊಳಗೊಂದು ಹೆಣೆದ ಟಿ, ಎಫ್ ಅಕ್ಷರಗಳ ಗುರುತನ್ನೂ ಉಳಿಸಿಕೊಂಡ. ಫಾರ್ನರ್ ಹೆಸರಿನ ಮಾರ್ಕಸೈಟ್ ಒಡವೆಗಳು ಲೋಕಪ್ರಸಿದ್ಧವಾದದ್ದು ಈ ಬ್ರೆಂಡ್ಲೆಯ ಕಾಲದಲ್ಲಿ. ನಡುವೆ ಕಪ್ಪು ಓನಿಕ್ಸಿನ ಒಂದು ಚೌಕ, ಅಥವಾ ಹವಳದ ಒಂದು ತುಂಡು, ಅಥವಾ ಹಸಿರು ಅಮೆಜೊನೈಟ್. ಅದರ ಸುತ್ತ ಮಾರ್ಕಸೈಟಿನ ಸಾಲು. ಹೂಬಳ್ಳಿಯ ಗೊಡವೆ ಬಿಟ್ಟು ನೇರ ಗೆರೆ, ಮೂಲೆ, ಮೆಟ್ಟಿಲು. ಹಳೇ ಒಡವೆಗಳಲ್ಲಿ ಮಾರ್ಕಸೈಟ್ ವಜ್ರದ ಬದಲಿಗೆ ಕೂತಿತ್ತು. ಇಲ್ಲಿ ಅದು ಯಾರ ಬದಲಿಗೂ ಕೂರಲಿಲ್ಲ. ಬೂದು ಬಣ್ಣ ಬೂದಾಗಿಯೇ ಬೇಕು ಅಂತ ಕರೆದು ಕೂರಿಸಿದರು. ಈ ಕಲ್ಲಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ ಅಂತ ನಾನು ನಂಬಿದ್ದೇನೆ.

ಆ ಊರಿನ ಮುಂದಿನ ಕತೆ ಹೇಳುವುದಕ್ಕೆ ಸಂಕಟವಾಗುತ್ತದೆ. 1945ರ ಫೆಬ್ರವರಿ 23ರ ಸಂಜೆ ಬ್ರಿಟಿಷ್ ವಿಮಾನಗಳು ಇಪ್ಪತ್ತು ಚಿಲ್ಲರೆ ನಿಮಿಷ ಫೋರ್ಟ್ಸ್‌ಹೈಮಿನ ಮೇಲೆ ಬಾಂಬು ಸುರಿದವು. ಹದಿನೇಳು ಸಾವಿರಕ್ಕೂ ಹೆಚ್ಚು ಜನ ಸತ್ತರು. ಊರಿನ ನಡುಭಾಗದಲ್ಲಿ ನಿಂತ ಗೋಡೆ ಕಾಣುವುದೇ ಅಪರೂಪವಾಯಿತು. ಸೂಕ್ಷ್ಮ ಯಂತ್ರಭಾಗ ಮಾಡುವ ಕುಶಲಕರ್ಮಿಗಳು ಇದ್ದಾರೆ, ಯುದ್ಧಕ್ಕೆ ಬೇಕಾದ ಸಾಮಾನು ಅಲ್ಲಿ ತಯಾರಾಗುತ್ತದೆ ಅನ್ನುವುದೂ ಆ ಊರು ಗುರಿಯಾಗಲು ಒಂದು ಕಾರಣ. ಹರಳು ಕೂರಿಸುವ ಕೈಗಳ ಜಾಣ್ಮೆಯೇ ಆ ಊರಿಗೆ ಮುಳುವಾಯಿತು. ಉರುಳಿದ ಮನೆಗಳ ಮಣ್ಣು ಕಲ್ಲನ್ನೆಲ್ಲ ಊರಾಚೆಯ ಗುಡ್ಡದ ಮೇಲೆ ಸುರಿದರು. ವಾಲ್‌ಬರ್ಗ್ ಅನ್ನುವ ಆ ಗುಡ್ಡ ಅದರಿಂದಾಗಿ ಇನ್ನೂ ಎತ್ತರವಾಯಿತು. ಊರು ಮತ್ತೆ ಎದ್ದಿತು, ಒಡವೆಗೆಂದೇ ಒಂದು ವಸ್ತುಸಂಗ್ರಹಾಲಯ ಕಟ್ಟಿಕೊಂಡಿತು. ಫಾರ್ನರ್ ಕಾರ್ಖಾನೆ 1979ರಲ್ಲಿ ಬಾಗಿಲು ಮುಚ್ಚಿತು.

ಅತ್ತೆಯ ಬ್ರೋಚಿನ ಬೆನ್ನಿನಲ್ಲಿ ಟಿ, ಎಫ್ ಇಲ್ಲ. 935 ಅನ್ನುವ ಅಂಕಿ ಮಾತ್ರ ಇದೆ. ಸಾವಿರ ಪಾಲಿನಲ್ಲಿ 935 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ ಅಂತ ಅದರ ಅರ್ಥ. ಆ ಕಾಲದ ಜರ್ಮನಿಯ ಒಡವೆಗಳಲ್ಲಿ ಈ ಅಂಕಿ ಬಹಳ ಕಾಣುತ್ತದೆ. ಸ್ಟರ್ಲಿಂಗ್ ಅನ್ನುವುದು 925. ಅಪ್ಪಟ ಬೆಳ್ಳಿ ಬಲು ಮೆದು, ಕಾಳು ಎಬ್ಬಿಸಿದರೆ ಹಿಡಿತ ನಿಲ್ಲುವುದಿಲ್ಲ. ತಾಮ್ರ ಸೇರಿದರೆ ಗಟ್ಟಿ. ಇಂಗ್ಲೆಂಡಿನ ಒಡವೆಯಾದರೆ ಮುಂಗಾಲೆತ್ತಿ ನಡೆಯುವ ಒಂದು ಸಿಂಹ ಇರುತ್ತದೆ. 1544ರಿಂದ ಅಲ್ಲಿ ಸ್ಟರ್ಲಿಂಗ್ ಬೆಳ್ಳಿಗೆ ಅದೇ ಗುರುತು. ಸಿಂಹದ ಜೊತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ ಒರೆ ಹಚ್ಚಿದ್ದು. ಅಮೆರಿಕದ್ದಾದರೆ ಸ್ಟರ್ಲಿಂಗ್ ಅಂತ ಅಕ್ಷರದಲ್ಲೇ ಬರೆದಿರುವುದು ರೂಢಿ. ನಿಮ್ಮ ಮನೆಯಲ್ಲಿ ಅಜ್ಜಿಯದೋ, ಮಿಷನ್ ಶಾಲೆಯ ಟೀಚರದೋ ಇಂಥ ಬ್ರೋಚು, ಉಂಗುರ ಇದ್ದರೆ ಬೆನ್ನು ತಿರುಗಿಸಿ ನೋಡಿ. ಹಿಂದೆ ಸಾಲಾಗಿ ಸಣ್ಣ ರಿವಿಟ್ಟುಗಳು ಕಂಡು, ಅಯಸ್ಕಾಂತಕ್ಕೆ ಅಂಟಿಕೊಂಡರೆ ಅದು ಉಕ್ಕಿಗೆ ಮುಖ ತೆಗೆದು ಮಾಡಿದ್ದು. ಅದೂ ಒಂದು ದೊಡ್ಡ ಕಲೆಯೇ, ಆದರೆ ಬೇರೆ ಕಲೆ. ಪೈರೈಟಿನಲ್ಲಿ ಕಬ್ಬಿಣ ಇದ್ದರೂ ನಮ್ಮ ಮನೆಗಳ ಅಯಸ್ಕಾಂತಕ್ಕೆ ಅದು ಸೋಲುವುದಿಲ್ಲ.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ನೀವು ಮಾಡಬಾರದು ಅಂತಲೇ ಹೇಳುತ್ತಿದ್ದೇನೆ. ಗೌರಿ ಹಬ್ಬದ ಹಿಂದಿನ ದಿನ ಬೆಳ್ಳಿ ದೀಪ, ಕುಂಕುಮದ ಬಟ್ಟಲು, ಪಂಚಪಾತ್ರೆ ಎಲ್ಲ ಬೆಳಗುತ್ತ ಕೂತಿದ್ದೆ. ಬ್ರೋಚಿನ ಬೆಳ್ಳಿಯೂ ಕಪ್ಪಾಗಿತ್ತು. ಅಂಟುವಾಳಕಾಯಿ ಹಾಕಿ ಕುದಿಸಿದ ನೀರಿಗೆ ಅದನ್ನೂ ಹಾಕಿ, ಮುಚ್ಚಿ, ಬೇರೆ ಕೆಲಸಕ್ಕೆ ಎದ್ದುಹೋದೆ. ನಮ್ಮ ತಾಯಿ, ಅಜ್ಜಿ ಎಲ್ಲ ಬೆಳ್ಳಿಗೆ ಮಾಡುತ್ತಿದ್ದದ್ದು ಅದನ್ನೇ. ಬಂದು ನೋಡಿದರೆ ಪಾತ್ರೆಯ ತಳದಲ್ಲಿ ಹರಳುಗಳು ಎಳ್ಳಿನ ಹಾಗೆ ಬಿದ್ದಿದ್ದವು. ನೀರು ಸೋಸಿ, ಬಿಳೀ ಬಟ್ಟೆಯ ಮೇಲೆ ಹರಡಿ ಹುಡುಕಿದೆ. 13 ಹರಳು ಬಿಟ್ಟುಹೋಗಿದ್ದವು. 11 ಸಿಕ್ಕವು. ಎರಡು, ಪಾತ್ರೆಯ ಮೊದಲ ನೀರಿನ ಜೊತೆ ಬಚ್ಚಲಿಗೆ ಹೋಗಿದ್ದವು. ಉಳಿದವುಗಳ ಮೇಲೂ ಒಂದು ಮಬ್ಬು ಪೊರೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅತ್ತೆ ನಲವತ್ತು ವರ್ಷ ಹತ್ತಿಯ ಮೇಲೆ ಇಟ್ಟು ಕಾಪಾಡಿದ್ದನ್ನು ನಾನು ಒಂದು ಗಂಟೆಯಲ್ಲಿ ಕೆಡಿಸಿದ್ದೆ.

ಏನಾಗಿತ್ತು ಅಂದರೆ, ಆ 13 ಹರಳುಗಳನ್ನು ಹಿಂದೆ ಯಾವಾಗಲೋ ಯಾರೋ ರಿಪೇರಿ ಮಾಡಿ ಅಂಟು ಹಾಕಿ ಕೂರಿಸಿದ್ದರು. ಕುದಿನೀರಿಗೆ ಅಂಟು ಬಿಟ್ಟಿತು. ಬೆಳ್ಳಿಯ ಕಾಳು ಹಿಡಿದಿದ್ದ 71 ಹರಳುಗಳಲ್ಲಿ ಒಂದೂ ಅಲುಗಿರಲಿಲ್ಲ.

ಮಾರ್ಕಸೈಟಿಗೆ ನೀರು ಆಗುವುದಿಲ್ಲ. ಗಂಧಕ ಕಲ್ಲಿನ ಒಡಲಿನಲ್ಲೇ ಇದೆ. ತೇವ ಮತ್ತು ಗಾಳಿ ವರ್ಷಗಟ್ಟಲೆ ಸೇರಿ ಕೆಲಸ ಮಾಡಿದರೆ ಅದು ಆಮ್ಲವಾಗುತ್ತದೆ, ಹರಳಿನ ಮೇಲೆ ಬಿಳಿಯೋ ಹಳದಿಯೋ ಪುಡಿ ಏಳುತ್ತದೆ, ಕಲ್ಲು ಬಿರಿಯುತ್ತದೆ. ವಸ್ತುಸಂಗ್ರಹಾಲಯದವರು ಇದನ್ನು ಪೈರೈಟಿನ ರೋಗ ಅಂತಲೇ ಕರೆಯುತ್ತಾರೆ. ಬೆಳ್ಳಿಯನ್ನು ಕಪ್ಪು ಮಾಡುವುದೂ ಗಂಧಕವೇ, ಗಾಳಿಯಲ್ಲಿ ಸುಳಿಯುವ ಗಂಧಕದ ಅನಿಲ. ಆದ್ದರಿಂದ ಹುಣಸೇಹಣ್ಣು, ನಿಂಬೆ, ವಿಭೂತಿ, ಅಂಗಡಿಯ ಪಾಲಿಶ್ ದ್ರಾವಣ, ಸೋಡಾ ಮತ್ತು ಅಲ್ಯುಮಿನಿಯಂ ಹಾಳೆಯ ಉಪಾಯ, ದೀಪದ ಕಂಬಕ್ಕೆ ಒಪ್ಪುವ ಇವು ಯಾವುವನ್ನೂ ಇದರ ಹತ್ತಿರ ತರಬೇಡಿ. ಪುಡಿ ಹಾಕಿ ಉಜ್ಜಿದರೆ ಕಾಳುಗಳು ಸವೆಯುತ್ತವೆ. ಒಣಗಿದ ಮೆತ್ತನೆಯ ಹಳೇ ಹತ್ತಿ ಬಟ್ಟೆ ಸಾಕು. ಸಂದಿನ ಧೂಳಿಗೆ ಮಕ್ಕಳು ಬಣ್ಣ ಹಚ್ಚುವ ಮೆತ್ತನೆ ಕುಂಚ. ಗುಳಿಗಳ ನಡುವಿನ ಕಪ್ಪನ್ನು ಇರಲು ಬಿಡಿ, ಹರಳು ಎದ್ದು ಕಾಣುವುದೇ ಅದರಿಂದ. ಅತ್ತರು, ಪೌಡರು ಎಲ್ಲ ಮುಗಿದ ಮೇಲೆ ಕೊನೆಗೆ ಚುಚ್ಚಿಕೊಳ್ಳಿ. ಬಂದ ಮೇಲೆ ಮೊದಲು ಬಿಚ್ಚಿಡಿ. ಮಂಗಳೂರು, ಕಾರವಾರ, ಮಡಿಕೇರಿಯ ಕಡೆಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಕೊಳ್ಳಬೇಕು. ರಬ್ಬರ್ ಬ್ಯಾಂಡಿನಲ್ಲಿ ಮಾತ್ರ ಸುತ್ತಿಡಬೇಡಿ, ಅದರಲ್ಲೂ ಗಂಧಕ ಇರುತ್ತದೆ.

ಬ್ರೋಚನ್ನೂ 11 ಹರಳಿನ ಪೊಟ್ಟಣವನ್ನೂ ಹಿಡಿದುಕೊಂಡು ಬೆಂಗಳೂರಿನ ನಗರ್ತಪೇಟೆಯ ಗಲ್ಲಿಗಳಲ್ಲಿ ಅಲೆದೆ. ಕೆಲವರು ಅಂಟು ಹಾಕಿಕೊಡುತ್ತೇವೆ ಅಂದರು. ಕೊನೆಗೆ ಒಂದು ಮಹಡಿಯ ಮೇಲೆ, ಕಿಟಕಿಯ ಬೆಳಕಿಗೆ ಕೂತು ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಸಿಕ್ಕರು. ಕಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು ಬಹಳ ಹೊತ್ತು ಬ್ರೋಚನ್ನೇ ನೋಡಿದರು. "ಯಾರೋ ಒಳ್ಳೇ ಕೈ ಇರೋರು ಕೂರಿಸಿದ್ದಾರಮ್ಮ" ಅಂದರು. "ಅಂಟು ಬೇಡ. ಪಕ್ಕದಲ್ಲಿ ಇನ್ನೂ ಬೆಳ್ಳಿ ಇದೆ, ಎಬ್ಬಿಸಬಹುದು. ಆದರೆ ನಿಧಾನ ಆಗತ್ತೆ."

ಮೂರು ವಾರ ಆಯಿತು. 11 ಹರಳಿಗೂ ಹೊಸದಾಗಿ ಕಾಳು ಎಬ್ಬಿಸಿ ಕೂರಿಸಿದ್ದರು. ಭೂತಗನ್ನಡಿಯಲ್ಲಿ ಹುಡುಕಿದರೆ ಮಾತ್ರ ಹೊಸ ಕಾಳು ಯಾವುದು, ಹಳೆಯದು ಯಾವುದು ಅಂತ ಗೊತ್ತಾಗುತ್ತದೆ. ಹೊಸವು ಇನ್ನೂ ಬೆಳ್ಳಗಿವೆ. ಎರಡು ಖಾಲಿ ಗುಳಿಗಳಿಗೆ ಹಾಕಲು ಜೈಪುರದಿಂದ ಬಂದ ಹೊಸ ಹರಳು ತೋರಿಸಿದರು. ಅವು ಹಳೆಯವುಗಳ ಪಕ್ಕದಲ್ಲಿ ಒಗ್ಗಲಿಲ್ಲ, ಬಣ್ಣ ಬೇರೆ, ಎತ್ತರ ಬೇರೆ. ಬೇಡ ಅಂದೆ. ಅವರೂ ಒಪ್ಪಿದರು. ಕೂಲಿ ಎಷ್ಟು ಅಂತ ಕೇಳಿದಾಗ ಹೇಳಿದ ಮೊತ್ತ, ಆ ದಿನ ತಕ್ಕಡಿಯಲ್ಲಿ ಬಂದಿದ್ದ 11 ಗ್ರಾಮ್ ಬೆಳ್ಳಿಯ ಬೆಲೆಗಿಂತ ಜಾಸ್ತಿ ಇತ್ತು. ಎಣಿಸಿ ಕೈಗೆ ಕೊಟ್ಟೆ.

ಮೂರನೇ ಎಲೆಯ ತುದಿಯಲ್ಲಿ ಆ ಎರಡು ಗುಳಿಗಳು ಈಗಲೂ ಖಾಲಿ ಇವೆ. ಭೂತಗನ್ನಡಿ ಹಿಡಿದು ನೋಡಿದರೆ ಒಳಗೆ ಬೈರಿಗೆ ಸುತ್ತಿದ ಗೆರೆಗಳು ಕಾಣುತ್ತವೆ, ಒಂದರೊಳಗೊಂದು ಉಂಗುರದ ಹಾಗೆ. ಹೋದ ತಿಂಗಳು ತಂಗಿಯ ಮಗಳ ಮದುವೆಯಲ್ಲಿ ಕರೆಂಟು ಹೋಗಿ, ಜನರೇಟರ್ ಶುರುವಾಗುವವರೆಗೆ ಹಸೆಯ ಹತ್ತಿರ ಎರಡು ದೀಪದ ಬೆಳಕು ಮಾತ್ರ ಇತ್ತು. ಪಕ್ಕದಲ್ಲಿ ಕೂತಿದ್ದ ಒಂದು ಚಿಕ್ಕ ಹುಡುಗಿ ನನ್ನ ಹೆಗಲಿನ ಕಡೆಗೆ ಬೆರಳು ತೋರಿಸಿ ಕೇಳಿತು: "ಅಜ್ಜಿ, ಇದು ವಜ್ರಾನಾ?"